ಒಗ್ಗರಣೆಗೆ ಒಲಿದ ಸಿಡಿಗಲ್ಲೇಶ್ವರ

ಸಕಲ ದ್ವೀಪಗಳಲ್ಲಿ ಜಂಬೂದ್ವೀಪವು ಶ್ರೇಷ್ಠ, ಜಂಬೂದ್ವೀಪದಲ್ಲಿ ಭರತಖಂಡವು ಶ್ರೇಷ್ಠ, ಭರತಖಂಡದಲ್ಲಿ ಕಲ್ಲುಗುಂಡುಗಳೇ ಬೆಳೆಯಾಗಿ ನಿಂತ ಈ ಬಯಲುಸೀಮೆಯು ಶ್ರೇಷ್ಠ, ಈ ಸೀಮೆಯಲ್ಲಿ ನಮ್ಮ ಸಿಡಿಗಲ್ಲು ಕ್ಷೇತ್ರವೇ ಶ್ರೇಷ್ಠವೆಂಬುದನ್ನು ಯಾರೂ ಗ್ರಂಥ ತಿರುವಿ ಸಾಧಿಸಬೇಕಾಗಿಲ್ಲ. ಚೈತ್ರಮಾಸದ ನಡುಮಧ್ಯಾಹ್ನ ಬರಿಗಾಲಲ್ಲಿ ಬಂದು ಬಂಡೆಯ ಮೇಲೆ ಒಂದು ಗಳಿಗೆ ನಿಂತವನಿಗೆ ಅದರ ಮಹಿಮೆ ಅಂಗಾಲಿನಿಂದಲೇ ಏರಿ ನೆತ್ತಿಗೆ ತಾಕುತ್ತದೆ. ಕಾಶಿಯನ್ನು ಕಂಡು ಬಂದವರೂ ಇಲ್ಲಿ ಕುಣಿದಿದ್ದಾರೆ. ಇಂಥ ಕ್ಷೇತ್ರವು ಪಾವನವಾದ ಬಗೆಯನ್ನು, ಹಿರಿಯರ ಬಾಯಿಂದ ಬಂದಂತೆ, ಒಂದಕ್ಷರವನ್ನೂ ಕಡಿಮೆ ಮಾಡದೆ ಭಕ್ತಾದಿಗಳಿಗೆ ನಿವೇದಿಸಲಾಗಿದೆ. ಎಲ್ಲಾದರೂ ಹೆಚ್ಚಾಗಿದ್ದರೆ ಅದನ್ನು ಪ್ರಸಾದವೆಂದು ಸ್ವೀಕರಿಸತಕ್ಕದ್ದು.

ದ್ವಾಪರಯುಗದ ಕೊನೆಯ ಪಾದದಲ್ಲಿ, ಕಲಿಪುರುಷನು ಇನ್ನೂ ಭೂಲೋಕದ ಹೊಸ್ತಿಲಾಚೆ ಚಪ್ಪಲಿ ಬಿಡುತ್ತಿದ್ದ ಕಾಲದಲ್ಲಿ, ಈ ಗುಡ್ಡದ ತಪ್ಪಲಿನಲ್ಲಿ ಕಿರಾತಕುಲದ ಎಂಬತ್ತು ಗುಡಿಸಲುಗಳ ಒಂದು ಹಟ್ಟಿಯಿತ್ತು. ಧನುರ್ವಿದ್ಯೆಯೇ ಕುಲಧನವಾಗಿ, ಮೃಗಯೆಯೇ ನಿತ್ಯಕರ್ಮವಾಗಿ ಬಾಳುತ್ತಿದ್ದ ಆ ಹಟ್ಟಿಗೆ ಎರಡೇ ಎರಡು ಕಟ್ಟಳೆ. ಮದುವೆಯಾದ ಮೇಲೂ ಬಿಲ್ಲು ಹಿಡಿಯಲಾರದ ಗಂಡಸನ್ನು ಬಡಗಣ ಎಲ್ಲೆಯಾಚೆ ಅಟ್ಟುವುದು. ಬಿಲ್ಲು ಮುಟ್ಟಿದ ಹೆಂಗಸನ್ನು ತೆಂಕಣ ಎಲ್ಲೆಯಾಚೆ ಅಟ್ಟುವುದು. ಒಂದು ಎಲ್ಲೆಗೂ ಇನ್ನೊಂದಕ್ಕೂ ನಡುವೆ ಎರಡು ದಿನದ ಹಾದಿ. ದಾಟಿದವರು ಸಾಯುವ ತನಕ ಹಟ್ಟಿಯ ನೆಲವನ್ನು ತಿರುಗಿ ತುಳಿಯುವಂತಿಲ್ಲ. ಇದಕ್ಕೆ ಕಾರಣವೇನೆಂದು ಕೇಳಿದರೆ ‘ಮೊದಲಿಂದ ಹಂಗೇ’ ಎಂಬುದೇ ಶಾಸ್ತ್ರಪ್ರಮಾಣವಾಗಿತ್ತು.

ಏಳು ತಲೆಮಾರು ಹುಲಿಯ ಉಗುರನ್ನೇ ಕೊರಳಿಗೆ ಕಟ್ಟಿ ಮೆರೆದ ಮನೆತನದಲ್ಲಿ, ಗುಡ್ಡಕ್ಕೆ ಸಿಡಿಲೆರಗಿದ ಗಳಿಗೆಯಲ್ಲೇ ಜನಿಸಿದ ಏಕಮಾತ್ರ ಪುತ್ರನಿಗೆ ಸಿಡಿಲಯ್ಯನೆಂದು ನಾಮಕರಣವಾಯಿತು. ಅವನು ಬೆಳೆದು ಆಜಾನುಬಾಹುವೂ ವಿಶಾಲವಕ್ಷನೂ ಆದನು. ಅವನ ಮೀಸೆಯ ಎರಡು ತುದಿಗಳಲ್ಲಿ ಎರಡು ಗಿಣಿಗಳು ಕೂತರೂ ತೂಕ ತಪ್ಪುತ್ತಿರಲಿಲ್ಲ. ಆದರೆ ಗುಡುಗಿತೆಂದರೆ ಆ ಮಹಾಪುರುಷನು ಕಾಳಿನ ಗುಡಾಣದ ಹಿಂದೆ ಕೂರುತ್ತಿದ್ದನು, ರಕ್ತ ಕಂಡರೆ ಅವನಿಗೆ ಕಣ್ಣು ಕತ್ತಲಿಡುತ್ತಿತ್ತು, ಹೆದೆಯೆಳೆದು ಬಿಟ್ಟ ಬಾಣವು ಗುರಿಯ ಕಡೆ ಹೊರಟಂತೆ ಮಾಡಿ ಅವನ ಹೆಬ್ಬೆರಳ ಪಕ್ಕದಲ್ಲೇ ಬಿದ್ದು ನಾಚಿಕೊಳ್ಳುತ್ತಿತ್ತು. ಹಾಗೆಂದು ವಿಧಾತನು ಅವನನ್ನು ಬರಿಗೈಯಲ್ಲಿ ಕಳಿಸಿರಲಿಲ್ಲ. ತಾಯಿಯ ಒಲೆಯ ಮುಂದೆ ಆಡಿ ಬೆಳೆದ ಅವನಿಗೆ ಹುರುಳಿ ಎಷ್ಟು ಬೆಂದಿದೆಯೆಂಬುದು ಕುದಿಯುವ ಸದ್ದಿನಿಂದಲೇ ತಿಳಿಯುತ್ತಿತ್ತು. ನವಣೆಗೆ ಎಷ್ಟು ನೀರೆಂಬುದನ್ನು ಅವನ ಬೆರಳು ತಾನೇ ಹೇಳುತ್ತಿತ್ತು. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿಯುವುದನ್ನು ಋಷಿಗಳು ಸಾಮಗಾನವನ್ನು ಕೇಳುವಂತೆ ಕತ್ತು ಓರೆ ಮಾಡಿ ಕೇಳುತ್ತಿದ್ದನು. ಈ ಸಂಗತಿಯು ತಾಯಿಗೊಬ್ಬಳಿಗೇ ಗೊತ್ತಿತ್ತು. ಅವಳು ಕಣ್ಣು ಮುಚ್ಚುವಾಗ ಆಡಿದ ಕೊನೆಯ ಮಾತೂ ಅದೇ: “ಮಗಾ, ನಿನ್ನ ಕೈರುಚಿ ಯಾರಿಗೂ ತೋರಿಸ್ಬ್ಯಾಡ.”

ಮದುವೆಯಾಗುವ ತನಕ ತೊಂದರೆಯಿರಲಿಲ್ಲ. ಆ ಹಟ್ಟಿಯಲ್ಲಿ ಮದುವೆಯಾಗದ ಗಂಡಸರು ತಮಟೆ ಬಡಿದು ಮೃಗಗಳನ್ನು ಅಟ್ಟುವುದು, ಮದುವೆಯಾದವರು ಹೊಡೆಯುವುದು ಪದ್ಧತಿ. ತಮಟೆ ಬಡಿಯುವುದರಲ್ಲಿ ಸಿಡಿಲಯ್ಯನನ್ನು ಮೀರಿಸಿದವನು ಹುಟ್ಟಿರಲಿಲ್ಲ. ಏಕೆಂದರೆ ಮೃಗಗಳು ಆದಷ್ಟು ದೂರ ಓಡಿ ಹೋಗಲೆಂಬ ಆಸೆಯು ಅವನಿಗೆ ಮನಃಪೂರ್ವಕವಾಗಿಯೇ ಇತ್ತು. ಆದರೆ ಕಾಲವು ಯಾರನ್ನು ಬಿಟ್ಟಿದೆ? ತೆಂಕಣ ಸೀಮೆಯಿಂದ ಹೂವವ್ವನೆಂಬ ಕನ್ಯೆಯನ್ನು ತಂದು ಅವನಿಗೆ ಮದುವೆ ಮಾಡಿದರು. ಹೆಸರು ಹೂವಾದರೂ ನೋಡಲು ಹುಣಸೆಬರಲಿನಂತೆ ಸಣ್ಣಗೆ ಗಟ್ಟಿಯಾಗಿದ್ದ ಆಕೆಯು, ಅತ್ತೆಯಿಲ್ಲದ ಮನೆಗೆ ಬಂದ ಮೊದಲ ದಿನವೇ ಬೇಯಿಸಿದ ಮುದ್ದೆಯನ್ನು ಮನೆಯ ನಾಯಿಯು ಮೂಸಿ ನೋಡಿ, ಕಚ್ಚಿಕೊಂಡು ಹೋಗಿ, ಹಿತ್ತಲಲ್ಲಿ ಗೌರವದಿಂದ ಹೂತು ಬಂದಿತೆಂದು ಪ್ರತೀತಿ.

ಎಂಟನೆಯ ದಿನ ಮದುಮಗನು ಒಬ್ಬನೇ ಕಾಡಿಗೆ ಹೋಗಿ ಮೊದಲ ಬೇಟೆಯನ್ನು ತರಬೇಕು. ಸಿಡಿಲಯ್ಯನು ಹೋದನು, ಕಾರೆಗಿಡದ ಕೆಳಗೆ ಕೂತನು, ಅಲ್ಲಿಗೆ ಬಂದ ಮೊಲಕ್ಕೆ ಹಸಿರು ಹುಲ್ಲು ಕಿತ್ತು ತಿನ್ನಿಸುತ್ತ, ಬಡಗಣ ಎಲ್ಲೆಯಾಚೆ ಇರುವ ಊರುಗಳಲ್ಲಿ ಯಾವ ಕಾಳು ಬೆಳೆಯುತ್ತಾರೋ ಎಂದು ಚಿಂತಿಸುತ್ತಿದ್ದನು. ಅಷ್ಟರಲ್ಲಿ ಹೂವವ್ವನು ತನಗೆ ಅಡುಗೆ ಬಾರದೆಂದು ಗಂಡನೊಬ್ಬನಿಗಾದರೂ ಹೇಳಿ ಹಗುರಾಗಬೇಕೆಂದು ಹುಡುಕಿಕೊಂಡು ಬಂದಳು. ತೊಡೆಯ ಮೇಲೆ ಮೊಲವನ್ನಿಟ್ಟುಕೊಂಡು ಕಣ್ಣೀರು ಒರೆಸಿಕೊಳ್ಳುತ್ತಿದ್ದ ಕುಲವೀರನನ್ನು ಕಂಡು ಅವಳು ಪಕ್ಕದಲ್ಲಿ ಬಿದ್ದಿದ್ದ ಬಿಲ್ಲನ್ನೆತ್ತಿ, ಎಡಗಾಲು ಮುಂದಿಟ್ಟು, ಆ ಕ್ಷಣಕ್ಕೆ ಪೊದೆಯಿಂದೆದ್ದ ಕೌಜುಗವನ್ನು ನಡುಗಾಳಿಯಲ್ಲೇ ಕೆಡವಿದಳು. ತವರಿನಲ್ಲಿ ಅಣ್ಣಂದಿರ ಬಿಲ್ಲನ್ನು ಕದ್ದು ಕಲಿತ ವಿದ್ಯೆಯಂತೆ ಅದು. ಗಂಡ ಹೆಂಡತಿ ಮೊದಲು ಅತ್ತರು, ಆಮೇಲೆ ನಕ್ಕರು, ಆಮೇಲೆ ಅಲ್ಲೇ ಮೂರು ಕಲ್ಲು ಹೂಡಿ ಸಿಡಿಲಯ್ಯನು, ರಕ್ತದ ಕಡೆಗೆ ಬೆನ್ನು ತಿರುಗಿಸಿಕೊಂಡೇ, ಆ ಕೌಜುಗವನ್ನು ಬೇಯಿಸಿದನು. ಒಂದು ತುಂಡು ಬಾಯಿಗಿಟ್ಟ ಹೂವವ್ವನು ಆಗಲೇ ತನ್ನ ದಾಂಪತ್ಯವು ಫಲಿಸಿತೆಂದು ತಿಳಿದಳು.

ಅಂದಿನಿಂದ ಹನ್ನೆರಡು ಸಂವತ್ಸರಗಳ ಕಾಲ ಆ ಮನೆಯಲ್ಲಿ ನಡೆದ ಆಟವನ್ನು ನಾರದನೂ ಊಹಿಸಲಾರನು. ಕೋಳಿ ಕೂಗುವ ಮುನ್ನ ಹೂವವ್ವನು ಗಂಡನ ಕರಿ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು, ಅವನ ಕೆರವನ್ನು ಮೆಟ್ಟಿ ಹೊರಡುವಳು. ಬಾಗಿಲ ಬಳಿ ಅವನು ಬಿಲ್ಲನ್ನು ಕೊಡುವನು, ಅವಳು ಸೌಟನ್ನು ಕೊಡುವಳು. ಕೈಗೆ ಕೈ ಬದಲಾಗುವ ಈ ಶಾಸ್ತ್ರವು ಒಂದು ದಿನವೂ ತಪ್ಪಲಿಲ್ಲ. ಬೇಟೆಗೆ ಜೊತೆಗಾರ ಬಂದರೆ ಬಾಣದ ಗುರಿ ತಪ್ಪುವುದೆಂದು ಸಿಡಿಲಯ್ಯನಿಗೊಂದು ವ್ರತವಿರುವಂತೆಯೂ, ಅಡುಗೆಯ ಹೊತ್ತಿನಲ್ಲಿ ಪರರ ನೆರಳು ಬಿದ್ದರೆ ಹೂವವ್ವನ ಮಡಿ ಕೆಡುವಂತೆಯೂ ಹಟ್ಟಿಯಲ್ಲಿ ಸುದ್ದಿ ಬಿಟ್ಟಿದ್ದರು. ಒಳಗೆ ಸಿಡಿಲಯ್ಯನು ಹೆಂಡತಿಯ ಸೀರೆಯುಟ್ಟು, ಸೆರಗನ್ನು ಮುಖದ ಮೇಲೆಳೆದು, ಅದರೊಳಗೂ ಅಡಗದೆ ಎರಡು ಕಡೆ ಗೂಟದಂತೆ ಚಾಚುತ್ತಿದ್ದ ಮೀಸೆಯನ್ನು ಕಿವಿಯ ಹಿಂದೆ ಸಿಕ್ಕಿಸಿ ನವಣೆ ಕುಟ್ಟುವನು. ಬಳೆಯ ಸದ್ದಿಲ್ಲದೆ ಕುಟ್ಟುವ ಹೆಂಗಸುಂಟೇ? ಕಾಡಿಗೆ ಹೋಗುವವಳು ಮೃಗಗಳಿಗೆ ಕೇಳಿಸಬಾರದೆಂದು ತೆಗೆದಿಟ್ಟ ಕಂಚಿನ ಬಳೆಗಳು ಅವನ ಮುಂಗೈಗೆ ಏರದಿರಲು, ಅವನ್ನು ಒನಕೆಗೇ ದಾರದಿಂದ ಕಟ್ಟಿದನು. ಬುದ್ಧಿ ಎಂದರೆ ಅದು.

ತೊಡಕಿದ್ದದ್ದು ಸಂಜೆಯ ಹೊತ್ತಿನಲ್ಲಿ. ಬೇಟೆಯನ್ನು ಹಂಚುವ ಮೊದಲು, ಹೊಡೆದವನು ದೇವರ ಬಂಡೆಯ ಮೇಲೆ ನಿಂತು, ತಾನೆಲ್ಲಿ ನಿಂತಿದ್ದೆ, ಗಾಳಿ ಯಾವ ಕಡೆಯಿತ್ತು, ಬಾಣವನ್ನು ಯಾವ ಗಳಿಗೆಯಲ್ಲಿ ಬಿಟ್ಟೆ ಎಂದು ಹಟ್ಟಿಯ ಮುಂದೆ ಒಪ್ಪಿಸಬೇಕು. ‘ಏಟಿನ ಸಾಕ್ಷಿ’ ಎಂಬ ಈ ಪದ್ಧತಿಯನ್ನು ನಡೆಸುತ್ತಿದ್ದವನು ಯಜಮಾನ ಓಬಳಜ್ಜ. ಅಜ್ಜನು ಕಣ್ಣು ಮುಚ್ಚಿ, ಮುಖವನ್ನು ಆಕಾಶಕ್ಕೆತ್ತಿ, ಯೋಗಿಯಂತೆ ಕೇಳಿ, ಕೊನೆಗೆ ಕೋಲನ್ನು ನೆಲಕ್ಕೆ ಕುಟ್ಟಿ “ಕಣ್ಣಾರೆ ಕಂಡಂಗಾಯ್ತು” ಎಂದರೆ ಸಾಕ್ಷಿ ಸಂದಿತು. ಹೂವವ್ವನು ಪ್ರತಿದಿನ ಹಿತ್ತಲಿಂದ ಒಳಬಂದು ಎಲ್ಲವನ್ನೂ ಹೇಳಿಕೊಡುವಳು, ಸಿಡಿಲಯ್ಯನು ಬಾಯಿಪಾಠ ಮಾಡುವನು. ಒಮ್ಮೆ ಅವಳು ಬರುವುದು ತಡವಾಗಿ, ಹೇಳಿಕೊಡಲು ಹೊತ್ತಿಲ್ಲದೆ, ಅವನು ಜಿಂಕೆಯನ್ನು ಹೊತ್ತು ಹಾಗೆಯೇ ಬಂಡೆ ಹತ್ತಬೇಕಾಯಿತು. ಬಾಣವನ್ನು ಯಾವಾಗ ಬಿಟ್ಟೆಯೆಂದು ಕೇಳಿದಾಗ ಅವನಿಗೆ ತಿಳಿದಿದ್ದು ಒಂದೇ ಶಾಸ್ತ್ರ. “ಮೊದಲ ಸಾಸಿವೆ ಸಿಡಿದಾಗ ಬಿಡಬಾರದು ಅಜ್ಜ, ಕಡೇದು ಸಿಡಿಯೋಗಂಟ ಕಾಯಬಾರದು. ನಡುವೆ ಒಂದು ಗಳಿಗೆ ಐತೆ. ಆಗ ಬಿಟ್ಟೆ.”

ಹಟ್ಟಿಗೆ ಹಟ್ಟಿಯೇ ತಲೆದೂಗಿತು. ಇಷ್ಟು ಗಹನವಾದ ಧನುರ್ವೇದರಹಸ್ಯವನ್ನು ಅದುವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮರುದಿನದಿಂದ ಗಂಡಸರೆಲ್ಲ ನಡುಪಟ್ಟಿಯಲ್ಲಿ ಸಾಸಿವೆ ಕಟ್ಟಿಕೊಂಡು ಬೇಟೆಗೆ ಹೊರಟರು. ಕೆಲವರು ಮುಷ್ಟಿಯಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿದರು, ಸಿಡಿಯಲಿಲ್ಲ. ತಮಗೆ ಇನ್ನೂ ಅಷ್ಟು ಸಾಧನೆಯಾಗಿಲ್ಲವೆಂದು ಸುಮ್ಮನಾದರು. ಅತ್ತ ನೀರಿನ ಹೊಂಡದ ಬಳಿ ಹೆಂಗಸರು ಹೂವವ್ವನನ್ನು ಸುತ್ತುಗಟ್ಟಿ, ಹುರುಳಿಕಟ್ಟಿನ ಸಾರಿಗೆ ಆ ಘಮ ಹೇಗೆ ಬರುವುದೆಂದು ಪೀಡಿಸಿದಾಗ, ಅವಳು ತನಗೆ ತಿಳಿದಿದ್ದನ್ನೇ ಹೇಳಿದಳು: ಮೊದಲು ಗಾಳಿ ನೋಡಬೇಕು, ಎಡಗಾಲು ಮುಂದಿಡಬೇಕು, ಉಸಿರು ಬಿಗಿಹಿಡಿಯಬೇಕು, ರೆಪ್ಪೆ ಬಡಿಯಬಾರದು. ಆ ವರ್ಷವಿಡೀ ಹಟ್ಟಿಯ ಹೆಂಗಸರು ಒಲೆಯ ಮುಂದೆ ಎಡಗಾಲು ಚಾಚಿ, ಹೊಗೆಗೆ ಕಣ್ಣೀರಿಳಿದರೂ ರೆಪ್ಪೆ ಬಡಿಯದೆ ಅಡುಗೆ ಮಾಡಿದರು.

ಇಬ್ಬರಿಗೂ ಹೊಟ್ಟೆ ತುಂಬಿತ್ತು, ಮಾನವೂ ಉಳಿದಿತ್ತು. ಆದರೆ ಸಿಡಿಲಯ್ಯನ ಎದೆಯಲ್ಲಿ ಒಂದು ಮುಳ್ಳು ಮುರಿದುಕೊಂಡಿತ್ತು. ಹಟ್ಟಿಯ ಹಿರಿಮುದುಕಿ ಗಾದ್ರವ್ವನು ಹಬ್ಬಹುಣ್ಣಿಮೆಗೆ ಅವನ ಮನೆಯ ಸಾರನ್ನು ಸುರಿದು, ಬೆರಳು ನೆಕ್ಕಿ, ಎದುರಿಗೇ ನಿಂತು ಅನ್ನುವಳು: “ನಿನ್ನ ಹೆಂಡ್ತಿ ಕೈಗೆ ಬಂಗಾರದ ಕಡಗ ಹಾಕ್ಬೇಕು ಕಣಯ್ಯ. ಕಾಡು ತಿರುಗೋ ನಿಂಗೇನು ಗೊತ್ತು ಅದ್ರ ಬೆಲೆ.” ಅವನು ತಲೆ ತಗ್ಗಿಸಿ ಹೂಂಗುಟ್ಟಬೇಕು. ತಾನು ಹೊಡೆಯದ ಚಿರತೆಗೆ ಬಂದ ಹೊಗಳಿಕೆಯನ್ನು ಹೊತ್ತು ತಿರುಗುವುದು ಅವನಿಗೆ ಭಾರವೆನಿಸುತ್ತಿರಲಿಲ್ಲ. ತಾನು ಮಾಡಿದ ಸಾರಿನ ಹೊಗಳಿಕೆ ತನ್ನ ಕಿವಿಯ ಪಕ್ಕದಲ್ಲೇ ಹಾದು ಹೆಂಡತಿಯ ಪಾಲಿಗೆ ಹೋಗುವುದನ್ನು ನೋಡಿ ನೋಡಿ ಸಾಕಾಗಿತ್ತು. ಅದಕ್ಕೇ ಪ್ರತಿದಿನ ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು ನೋಡಿ, ಸೆರಗು ಮುಚ್ಚಿಕೊಂಡು ಹೋಗಿ, ಮೊದಲ ಸೌಟನ್ನು ಎಲೆಗೆ ಬಡಿಸಿ ದೇವರ ಬಂಡೆಯ ಮೇಲಿದ್ದ ಉದ್ಭವಲಿಂಗದ ಮುಂದಿಟ್ಟು, “ಹೆಂಗೈತೆ ಶಿವನೇ” ಎಂದು ಕೇಳುವನು. ಶಿವನು ಉತ್ತರಿಸುತ್ತಿರಲಿಲ್ಲ. ಆದರೆ ಎಲೆಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಹೀಗಿರಲು ಹನ್ನೆರಡು ವರ್ಷಗಳಿಗೊಮ್ಮೆ ಹಟ್ಟಿಯೆಲ್ಲ ಸೇರಿ ಶಿವನಿಗೆ ನೈವೇದ್ಯವಿಡುವ ದೊಡ್ಡ ಎಡೆಯ ಕಾಲ ಕೂಡಿಬಂತು. ಅದೇ ವರ್ಷ ಒಂಟಿಕೋರೆಯ ಮಹಾವರಾಹವೊಂದು ನವಣೆಯ ಹೊಲಗಳನ್ನು ಉತ್ತು ಹಾಕುತ್ತಿತ್ತು. ಹಟ್ಟಿಯ ಕೂಟದಲ್ಲಿ ಕೋರೆಬೊಮ್ಮನೆಂಬವನು ಎದ್ದು ನಿಂತನು. ಸಿಡಿಲಯ್ಯನ ಕೀರ್ತಿಯನ್ನು ಕಂಡು ಹನ್ನೆರಡು ವರ್ಷ ಹೊಟ್ಟೆ ಉರಿಸಿಕೊಂಡವನು, ಅದನ್ನು ಹೊಗಳಿಕೆಯ ಎಲೆಯಲ್ಲಿ ಸುತ್ತಿ ಕೊಡಬಲ್ಲಷ್ಟು ಜಾಣ. ಇಂಥ ಬಿಲ್ಲಾಳಿನ ಏಟನ್ನು ಹಟ್ಟಿಯು ಒಮ್ಮೆಯೂ ಕಣ್ಣಲ್ಲಿ ನೋಡಿಲ್ಲವಲ್ಲ, ಈ ಸಲ ವ್ರತವನ್ನು ಬದಿಗಿಟ್ಟು ಎಲ್ಲರೆದುರಿಗೆ ಹಂದಿಯನ್ನು ಹೊಡೆಯಲಿ, ಅವನ ಪುಣ್ಯವಂತೆ ಹೆಂಡತಿಯು ಎಲ್ಲರೆದುರಿಗೆ ಬಯಲಲ್ಲೇ ಎಡೆಯನ್ನು ಬೇಯಿಸಲಿ, ನಮ್ಮ ಕಣ್ಣೂ ಬಾಯೂ ಒಂದೇ ದಿನ ತಣಿಯಲಿ ಎಂದನು. ಜನ ಭೇಷೆಂದರು. ಓಬಳಜ್ಜನು ಬೇರೆ ದಾರಿಯಿಲ್ಲದವನಂತೆ ಕೋಲು ಕುಟ್ಟಿದನು.

ಉಳಿದದ್ದು ಎಂಟು ದಿನ. ಆ ಎಂಟು ದಿನ ಗುಡಿಸಲೊಳಗೆ ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಗುರುವಾದರು. ಸಿಡಿಲಯ್ಯನು ಬಿಟ್ಟ ಬಾಣಗಳಲ್ಲಿ ಒಂದು ಸೂರಿಗೆ, ಒಂದು ಹಿಟ್ಟಿನ ಮಡಕೆಗೆ, ಒಂದು ತಾನು ನಿಂತಿದ್ದ ಕಂಬಳಿಗೆ ನಾಟಿತು. ಹೂವವ್ವನು ಎಣ್ಣೆ ಕಾಯುವ ಮೊದಲೇ ಸಾಸಿವೆ ಸುರಿಯುವಳು, ಇಲ್ಲವೇ ಪೊದೆಯ ಮುಂದೆ ಹೊಂಚುವಂತೆ ಅಲ್ಲಾಡದೆ ಕೂತು ಅದು ಕರಿಯ ಇದ್ದಿಲಾಗುವುದನ್ನು ನೋಡುವಳು. ಹನ್ನೆರಡು ವರ್ಷದಲ್ಲಿ ಒಂದು ಗಡುಸು ಮಾತಾಡದ ದಂಪತಿಗಳು ಆ ಎಂಟು ದಿನದಲ್ಲಿ ಹನ್ನೆರಡು ವರ್ಷದ ಜಗಳವನ್ನು ತೀರಿಸಿದರು. ಏಳನೆಯ ದಿನ ಹೂವವ್ವನು ಸೌಟನ್ನು ನೆಲಕ್ಕಿಟ್ಟು ಕೂತಳು.

“ಮಾವ, ಓಡಿ ಹೋಗಾನ.”

“ಎಲ್ಲಿಗೆ ಹೂವಿ? ಎಲ್ಲಿಗೋದ್ರೂ ನನ್ನ ಮೀಸೆ ನೋಡಿ ಬಿಲ್ಲು ಕೊಡ್ತಾರೆ, ನಿನ್ನ ಸೀರೆ ನೋಡಿ ಸೌಟು ಕೊಡ್ತಾರೆ.”

“ಬಡಗಣ ಎಲ್ಲೆಯಾಚೆ ನಿಂಗೆ ಯಾರು ಬೇಟೆ ತಂದು ಕೊಡ್ತಾರೆ?”

“ತೆಂಕಣ ಎಲ್ಲೆಯಾಚೆ ನಿಂಗೆ ಯಾರು ಉಣ್ಣಾಕಿಕ್ತಾರೆ?”

ಸಿಡಿಲಯ್ಯನು ಎದ್ದು, ಎಂದಿನಂತೆ ಹುರುಳಿಗೆ ಒಗ್ಗರಣೆ ಹಾಕಿ, ಅವಳಿಗೆ ಎರಡು ಸೌಟು ಹೆಚ್ಚಾಗಿಯೇ ಬಡಿಸಿದನು.

ದೊಡ್ಡ ಎಡೆಯ ದಿನ ಬಂತು. ಚೈತ್ರದ ಸೂರ್ಯನು ನೆತ್ತಿಗೇರಿ, ಬಂಡೆಯು ಹೆಂಚಿನಂತೆ ಕಾದು, ಎಂಬತ್ತು ಮನೆಯವರು ಎರಡು ಗುಂಪಾಗಿ ನೆರೆದಿದ್ದರು. ಮೇಲೆ ಬಂಡೆಯ ಮಗ್ಗುಲಲ್ಲಿ ಮೂರು ಗುಂಡುಕಲ್ಲಿನ ಒಲೆಯ ಮೇಲೆ ಕೊಪ್ಪರಿಗೆಯಷ್ಟು ಸಾರು ಕುದಿಯುತ್ತಿತ್ತು. ಅದರ ಮುಂದೆ, ಗಾದ್ರವ್ವನೇ ಮೊದಲಾದ ಹೆಂಗಸರ ನಡುವೆ, ಹೂವವ್ವನು ಒಗ್ಗರಣೆಯ ಬಾಣಲೆಯನ್ನಿಟ್ಟು ಎಡಗಾಲು ಮುಂದೆ ಚಾಚಿ ನಿಂತಿದ್ದಳು. ಕೆಳಗೆ ನೂರು ಮಾರಿನಾಚೆ, ಪೊದೆಯ ಬಾಯಲ್ಲಿ, ಗಂಡಸರ ಸಾಲಿನ ಮುಂದೆ ಸಿಡಿಲಯ್ಯನು ಬಿಲ್ಲು ಹಿಡಿದು ನಿಂತಿದ್ದನು. ಆಚೆ ಕಡೆಯಿಂದ ತಮಟೆಯ ಸದ್ದು ಹತ್ತಿರವಾಯಿತು. ಪೊದೆ ಅಲ್ಲಾಡಿತು. ಕಪ್ಪು ಬಂಡೆಯೊಂದು ಉರುಳಿ ಬಂದಂತೆ ಒಂಟಿಕೋರೆಯ ವರಾಹವು ಬಯಲಿಗೆ ನುಗ್ಗಿತು.

ಆಗಲೇ ಗಾಳಿ ತಿರುಗಿತು. ಗುಡ್ಡದ ಮೇಲಿಂದ ಒಂದು ವಾಸನೆ ಇಳಿದು ಬಂದು ಸಿಡಿಲಯ್ಯನ ಮೂಗಿಗೆ ತಾಕಿತು. ಅದು ಹುಚ್ಚೆಳ್ಳಿನ ಎಣ್ಣೆ, ಅದರಲ್ಲಿ ಸಾಸಿವೆ. ಸಾಸಿವೆಯು ಸಿಡಿಯುವುದನ್ನು ಮುಗಿಸಿ ಕಹಿಯ ಕಡೆಗೆ ತಿರುಗಿತ್ತು. ದೊಡ್ಡ ಎಡೆಯ ಒಗ್ಗರಣೆ, ಶಿವನ ಬಾಯಿಗೆ ಹೋಗುವುದು, ಕಣ್ಣೆದುರಿಗೆ ಸೀಯುತ್ತಿತ್ತು. ವರಾಹವಿರಲಿ, ಯಮನೇ ಕೋಣನೇರಿ ಬಂದಿದ್ದರೂ ಆ ಗಳಿಗೆಯಲ್ಲಿ ಸಿಡಿಲಯ್ಯನಿಗೆ ಕಾಣುತ್ತಿರಲಿಲ್ಲ. ಅವನು ಬಿಲ್ಲು ಹಿಡಿದುಕೊಂಡೇ ತಿರುಗಿ, ಕಾಲಿಗೆ ಬುದ್ಧಿ ಹೇಳಿ, ಹಟ್ಟಿಯೆಲ್ಲ ಕೇಳುವಂತೆ ಕೂಗಿದನು: “ಹೂವೀ, ಕೆಳಗಿಳಿಸು, ಸೀದು ಹೋಗ್ತೈತೆ.”

ಮುಂದೆ ಸಿಡಿಲಯ್ಯ, ಹಿಂದೆ ವರಾಹ, ಅದರ ಹಿಂದೆ ಏನು ಮಾಡಬೇಕೆಂದು ತೋಚದ ನೂರು ಗಂಡಸರು, ಹೀಗೆ ಆ ಮೆರವಣಿಗೆಯು ಬಂಡೆಯನ್ನೇರಿತು. ಹೆಂಗಸರು ದಿಕ್ಕಾಪಾಲಾದರು. ಒಲೆಯ ಬಳಿಗೆ ಬಂದ ಸಿಡಿಲಯ್ಯನು ಕೈಚಾಚಿದನು, ಹೂವವ್ವನೂ ಕೈಚಾಚಿದಳು. ಹನ್ನೆರಡು ವರ್ಷ ಕೋಳಿ ಕೂಗುವ ಮುನ್ನ ಬಾಗಿಲ ಬಳಿ ನಡೆದ ಶಾಸ್ತ್ರವು ನಡುಹಗಲಲ್ಲಿ, ಹಟ್ಟಿಯ ನೂರಾರು ಕಣ್ಣುಗಳ ಮುಂದೆ, ತಾನಾಗಿಯೇ ನಡೆದುಹೋಯಿತು. ಬಿಲ್ಲು ಅವಳ ಕೈಗೆ ಬಂತು, ಸೌಟು ಇವನ ಕೈಗೆ ಬಂತು. ಅವಳು ಎಡಗಾಲನ್ನು ಹೇಗೂ ಮುಂದಿಟ್ಟಿದ್ದಳು. ಇವನು ಹಂದಿಯ ಕಡೆ ತಿರುಗಿಯೂ ನೋಡದೆ ಸೀದ ಎಣ್ಣೆಯನ್ನು ಚೆಲ್ಲಿ, ಹೊಸ ಎಣ್ಣೆ ಸುರಿದು, ಕಾಯುವ ತನಕ ಕಾದು, ಸಾಸಿವೆ ಹಾಕಿ ಕತ್ತು ಓರೆ ಮಾಡಿದನು. ಮೊದಲ ಕಾಳು ಸಿಡಿಯಿತು. ಎರಡು, ನಾಲ್ಕು, ಹತ್ತು ಸಿಡಿದವು. ಇವನು ಬಾಣಲೆಯನ್ನೆತ್ತಿ ಸಾರಿಗೆ ಸುರಿದ ಗಳಿಗೆಗೂ ಅವಳು ಬಾಣ ಬಿಟ್ಟ ಗಳಿಗೆಗೂ ನಡುವೆ ಒಂದು ರೆಪ್ಪೆಯ ಅಂತರವೂ ಇರಲಿಲ್ಲ. ಸಾರಿನ ಚೊರ್ರೆನ್ನುವ ಸದ್ದಿನೊಡನೆ ವರಾಹವು ಉರುಳಿತು. ಅದರ ಎದೆಯನ್ನು ದಾಟಿದ ಬಾಣವು ಬಂಡೆಯನ್ನು ಸೀಳಲು, ಆ ಸೀಳಿನಿಂದ ತಣ್ಣನೆಯ ನೀರು ಚಿಮ್ಮಿತು.

ಸಾರಿನಿಂದೆದ್ದ ಘಮದ ನಡುವೆ ಹಟ್ಟಿಯು ಕಣ್ಣು ಕಣ್ಣು ಬಿಟ್ಟು ನೋಡಿತು. ಸೀರೆಯುಟ್ಟವಳ ಕೈಯಲ್ಲಿ ಬಿಲ್ಲು, ಮೀಸೆಯವನ ಕೈಯಲ್ಲಿ ಬಾಣಲೆ. ಇದಕ್ಕೆ ಸಾಕ್ಷಿ ಕೇಳುವ ಅಗತ್ಯವಿರಲಿಲ್ಲ. ಮೊದಲು ಚೇತರಿಸಿಕೊಂಡವನು ಕೋರೆಬೊಮ್ಮ. ಕಟ್ಟಳೆಯೆಂದರೆ ಕಟ್ಟಳೆ, ಒಬ್ಬರು ಬಡಗಣಕ್ಕೆ, ಒಬ್ಬರು ತೆಂಕಣಕ್ಕೆ, ಇವತ್ತೇ, ಸಾರು ಆರುವ ಮುಂಚೆ ಎಂದು ಓಬಳಜ್ಜನ ಕಡೆ ತಿರುಗಿದನು. ಸಿಡಿಲಯ್ಯನಿಗೆ ಆಗ ಹಂದಿಯೂ ಕಂಡಿತು, ರಕ್ತವೂ ಕಂಡಿತು. ಕಣ್ಣು ಕತ್ತಲಿಟ್ಟು ಬೀಳುವ ಮುನ್ನ ಅವನು ಹೂವವ್ವನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡನು.

ಆಗ ಕಾದ ಬಂಡೆಯು ಅಡಿಯಿಂದ ಮುಡಿಯ ತನಕ ಸಾಸಿವೆಯಂತೆ ಚಟಪಟನೆ ಸಿಡಿಯಿತು. ಆ ಸಿಡಿತದ ನಡುವಿನಿಂದ ಅಶರೀರವಾಣಿಯು ಮೊಳಗಿತು:

“ಎಲೈ ಕಿರಾತಕುಲೋದ್ಭವರೇ, ಅರ್ಧಶರೀರವನ್ನು ಉಮೆಗಿತ್ತು ಕುಳಿತವನು ನಾನು. ನನ್ನ ಯಾವ ಅರ್ಧವು ತ್ರಿಶೂಲವನ್ನು ಹಿಡಿಯುವುದು, ಯಾವ ಅರ್ಧವು ಒಲೆಯನ್ನು ಹಚ್ಚುವುದು ಎಂದು ಇಂದಿನವರೆಗೆ ನಿಮ್ಮಲ್ಲಿ ಒಬ್ಬನಾದರೂ ಕೇಳಿದ್ದುಂಟೇ? ದ್ವಾದಶ ಸಂವತ್ಸರಗಳಿಂದ ಈ ಮೀಸೆಯವನ ಕೈಯಡುಗೆಯನ್ನುಂಡು ನಾನು ಕೈಲಾಸವನ್ನು ಮರೆತಿದ್ದೇನೆ. ಇವರು ಎಲ್ಲೆ ದಾಟುವ ದಿನ ನಾನೂ ದಾಟುವೆನು, ಸಾರಿನ ಮಡಕೆಯ ಹಿಂದೆಯೇ. ಆಮೇಲೆ ಕೋರೆಬೊಮ್ಮನ ಮನೆಯ ಅಂಬಲಿಯನ್ನು ಯಾವ ದೇವರ ಮುಂದಿಡುವಿರೋ ಇಡಿರಿ.”

ವಾಣಿಯು ನಿಂತರೂ ಕೋರೆಬೊಮ್ಮನು ನಿಲ್ಲಲಿಲ್ಲ. ದೇವರ ಮಾತು ದೇವರದು, ಕೋಲು ಹಿಡಿದವನ ಮಾತು ಬೇರೆ, ಅಜ್ಜನು ಕಟ್ಟಳೆಯನ್ನು ನುಡಿಯಲಿ ಎಂದು ಹಟ ಹಿಡಿದನು. ಓಬಳಜ್ಜನು ಕೋಲನ್ನೂರಿ ಎದ್ದು, ಎಂದಿನಂತೆ ಮುಖವನ್ನು ಆಕಾಶಕ್ಕೆತ್ತಿದನು.

“ನಂಗಿದು ಒಂಬತ್ತು ವರ್ಷದಿಂದ ಗೊತ್ತೈತೆ. ಸಿಡಿಲಯ್ಯ ನಡೆದ್ರೆ ನನ್ನ ಜಗಲಿ ಅಲ್ಲಾಡ್ತೈತೆ. ಕಾಡಿಗೋಗೋ ಹೆಜ್ಜೆ ಹಗುರ. ಕೈಯಾಗಿನ ಬಳೆ ಒನಕೆ ಎತ್ತಿದಾಗ್ಲೂ ಸದ್ದು ಮಾಡ್ತೈತೆ, ಇಳಿಸಿದಾಗ್ಲೂ ಮಾಡ್ತೈತೆ. ಆ ಮನೇದು ಕುಟ್ಟಿದಾಗ ಮಾತ್ರ. ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂದ್ರೆ, ಹೇಳಿದ್ರೆ ‘ಅಜ್ಜ, ಕಣ್ಣಲ್ಲಿ ನೋಡಿದ್ಯಾ’ ಅಂತ ಕೇಳ್ತಿದ್ರಿ. ಏನಂತ ಹೇಳ್ಲಿ. ಒಂಬತ್ತು ವರ್ಷದಿಂದ ನಂಗೆ ಕಣ್ಣು ಕಾಣಲ್ಲ.”

ಕಣ್ಣಿಲ್ಲದವನು ಕೋಲು ಹಿಡಿಯುವಂತಿಲ್ಲವೆಂಬುದನ್ನು ಅರಿತೇ ಅಜ್ಜನು ಕೋಲನ್ನು ಮೆಲ್ಲಗೆ ಕೆಳಗಿಟ್ಟನು. ಕೋರೆಬೊಮ್ಮನ ಬಾಯಿ ತೆರೆದುಕೊಂಡೇ ಇತ್ತು.

“ಹಂಗಾದ್ರೆ ಹೋದ ವರ್ಷ ನನ್ನ ಕಡವೆ ಏಟನ್ನ ಕಣ್ಣಾರೆ ಕಂಡಂಗಾಯ್ತು ಅಂದ್ಯಲ್ಲ ಅಜ್ಜ.”

“ಕಂಡೆ ಅಂತ ನಾನಂದೆ. ಹೊಡೆದೆ ಅಂತ ನೀನಂದೆ. ಸತ್ತು ಮೂರು ದಿನ ಆಗಿತ್ತು ಅಂತ ವಾಸನೆ ಅಂತು. ನಾನೇನಾದ್ರೂ ಕೇಳಿದ್ನಾ?”

ಹಟ್ಟಿಯು ನಕ್ಕ ನಗೆಗೆ ಬಂಡೆಯು ಇನ್ನೊಮ್ಮೆ ಸಿಡಿಯಿತು. ನಗು ತಗ್ಗಿದಾಗ ಗಾದ್ರವ್ವನು ಮುಂದೆ ಬಂದು, ಕೆಳಗಿದ್ದ ಕೋಲನ್ನೆತ್ತಿ ಅಜ್ಜನ ಕೈಗೇ ಇಟ್ಟು, ಕಣ್ಣಿರುವವರು ಹನ್ನೆರಡು ವರ್ಷ ಕಂಡದ್ದೇನೆಂದು ಇವತ್ತು ಗೊತ್ತಾಯಿತಲ್ಲ, ಇನ್ನು ಕಿವಿಯೇ ಯಜಮಾನಿಕೆ ಮಾಡಲಿ ಎಂದಳು. ಹಟ್ಟಿಯು ಹೌದೆಂದಿತು. ಎರಡು ಕಟ್ಟಳೆಗಳೂ ಅಂದೇ ಬಂಡೆಯ ಸೀಳಿನ ನೀರಿನಲ್ಲಿ ಬಿದ್ದುಹೋದವು.

ಸಂಜೆ ಏಟಿನ ಸಾಕ್ಷಿಗೆ ಹೂವವ್ವನು ಮೊದಲ ಸಲ ತಾನೇ ಬಂಡೆ ಹತ್ತಿದಳು. ಗಾಳಿ ಯಾವ ಕಡೆಯಿತ್ತು, ಹಂದಿ ಎಷ್ಟು ಮಾರು ದೂರವಿತ್ತು, ಎಲ್ಲವನ್ನೂ ಹೇಳಿ, ಬಾಣ ಬಿಟ್ಟದ್ದು ಯಾವಾಗ ಎಂದು ಕೇಳಿದಾಗ ಗಂಡನ ಕಡೆ ನೋಡಿ ನಕ್ಕು, ಆ ನಡುವಿನ ಗಳಿಗೆಯಲ್ಲಿ ಎಂದಳು. ನಡುಪಟ್ಟಿಯಲ್ಲಿ ಸಾಸಿವೆ ಕಟ್ಟಿದ್ದವರೆಲ್ಲ ಮೆಲ್ಲಗೆ ಗಂಟು ಬಿಚ್ಚಿದರು. ಆಮೇಲೆ ಎಡೆಯ ಊಟವಾಯಿತು. ಗಾದ್ರವ್ವನು ಮೂರು ಸಲ ಸಾರು ಹಾಕಿಸಿಕೊಂಡು, ಬೆರಳು ನೆಕ್ಕಿ, ಸಿಡಿಲಯ್ಯನ ಎದುರಿಗೆ ಬಂದು ನಿಂತಳು.

“ಬಂಗಾರದ ಕಡಗದ ಮಾತು ನಿನ್ನ ಹೆಂಡ್ತೀಗೆ ಹೇಳಿದ್ದಲ್ಲ ಕಣಪ್ಪ. ಆ ಕೈಗೆ ಹೇಳಿದ್ದು.”

ಏಳು ತಲೆಮಾರಿನ ಬೇಟೆಗಾರರ ವಂಶೋದ್ಧಾರಕನು ಸೌಟನ್ನು ಕೆಳಗಿಟ್ಟು, ಮುಖ ಮುಚ್ಚಿಕೊಳ್ಳಲು ಸೆರಗಿಗಾಗಿ ತಡಕಿದನು. ಆ ದಿನ ಅವನು ಸೀರೆಯುಟ್ಟಿರಲಿಲ್ಲ, ಮೀಸೆಯಿಂದಲೇ ಕಣ್ಣೊರೆಸಿಕೊಂಡನು.

ಇದು ಬರಿಯ ಮಾತಲ್ಲವೆಂಬುದಕ್ಕೆ ಕ್ಷೇತ್ರವೇ ಸಾಕ್ಷಿ. ಅಂದು ಬಾಣಲೆಯನ್ನಿಳಿಸಿದ ಜಾಗದಲ್ಲಿ ಬಂಡೆಯು ಇಂದಿಗೂ ಬಾಣಲೆಯಾಕಾರಕ್ಕೆ ಕುಳಿಬಿದ್ದಿದೆ. ಬಾಣ ಸೀಳಿದ ಕಡೆ ಹೂವವ್ವನ ದೊಣೆಯಿದೆ, ಎಂಥ ಬೇಸಗೆಯಲ್ಲೂ ಅದರ ನೀರು ಬತ್ತಿದ್ದನ್ನು ಕಂಡವರಿಲ್ಲ. ಗರ್ಭಗುಡಿಯಲ್ಲಿ ಲಿಂಗದ ಬಲಕ್ಕೆ, ಕಂಚಿನ ಬಳೆ ಕಟ್ಟಿದ ಒನಕೆಗೆ ಮೊದಲ ಆರತಿ. ಚೈತ್ರದ ಬಿಸಿಲಿಗೆ ಬಂಡೆಯು ನಡುಮಧ್ಯಾಹ್ನ ಚಟಪಟ ಸಿಡಿಯುವುದನ್ನು ಯಾರು ಬೇಕಾದರೂ ಬಂದು ಕೇಳಬಹುದು. ಪಕ್ಕದೂರಿನವರು ತಮ್ಮಲ್ಲೂ ಇಂಥದೊಂದು ಬಂಡೆಯಿದೆಯೆಂದು ಹೇಳಿಕೊಂಡು ತಿರುಗುತ್ತಾರೆ. ಅದು ಸಿಡಿಯುವುದಿಲ್ಲ, ಸುಮ್ಮನೆ ಬಿಸಿಯಾಗುತ್ತದೆ.

ಯುಗಾದಿ ಕಳೆದ ಮೊದಲ ಸೋಮವಾರ ನಡೆಯುವ ಒಗ್ಗರಣೆ ಸೇವೆಯಲ್ಲಿ ಗಂಡಸರೇ ಎಡೆಯನ್ನು ಬೇಯಿಸಬೇಕು, ಹೆಂಗಸರೇ ಹಂದಿಯಾಕಾರದ ಹುಲ್ಲಿನ ಹೊರೆಗೆ ಬಾಣ ಬಿಡಬೇಕು. ಮುಖ್ಯವಾದದ್ದು ಆಮೇಲೆ. ಕುಳಿಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಸುರಿದಾಗ, ಭಕ್ತರು ಒಬ್ಬೊಬ್ಬರಾಗಿ ಬಗ್ಗಿ, ಜನಕ್ಕೆ ಹೆದರಿ ಬಚ್ಚಿಟ್ಟುಕೊಂಡಿರುವ ತಮ್ಮ ನಿಜವನ್ನು ಬಂಡೆಗೆ ಹೇಳಿಕೊಳ್ಳುತ್ತಾರೆ. ಸಾಸಿವೆ ಸಿಡಿಯುವಷ್ಟು ಹೊತ್ತು ಯಾರು ಏನು ಹೇಳಿದರೂ ಪಕ್ಕದವನಿಗೆ ಕೇಳಿಸದು, ಶಿವನಿಗೆ ಕೇಳಿಸುತ್ತದೆ. ಆದ್ದರಿಂದ ಭಕ್ತಾದಿಗಳು ನಿಸ್ಸಂಕೋಚವಾಗಿ ಬರಬಹುದು. ಓಬಳಜ್ಜನ ವಂಶದವರನ್ನು ಮಾತ್ರ ಆ ಹೊತ್ತಿನಲ್ಲಿ ಕೈಗೆ ತಮಟೆ ಕೊಟ್ಟು ದೊಣೆಯಾಚೆ ನಿಲ್ಲಿಸಲಾಗುತ್ತದೆ. ಆ ಮನೆತನದ ಕಿವಿ ಇನ್ನೂ ಚುರುಕಾಗಿಯೇ ಇದೆ.